ಒಣ ಕಾಲರಿನ ಬೆವರು

ಟಿಕ್ ಟಿಕ್ ಎಂಬುದು ಉಳಿದವರಿಗೆ ಬರೀ ಸದ್ದು. ಗಡಿಯಾರ ರಿಪೇರಿ ಮಾಡುವ ನನಗೆ ಅದೇ ಇಡೀ ದಿನದ ಸಂಸಾರ. ಅಂಗಡಿಯ ಗೋಡೆಗಳ ಮೇಲೆ ತೂಗುವ ಗಡಿಯಾರಗಳೆಲ್ಲ ಸಂಜೆ ಒಂದರ ಹಿಂದೊಂದು ಬಾರಿಸಿದಾಗ (ಒಟ್ಟಿಗೆ ಬಾರಿಸುವಂತಿದ್ದರೆ ನನ್ನ ಬಳಿಗೇಕೆ ಬರುತ್ತಿದ್ದವು?) ನಾನು ಬಾಗಿಲೆಳೆದು ಹೊರಡುತ್ತೇನೆ. ಮನೆಯಲ್ಲಿ ನನಗಾಗಿ ಕಾದಿರುತ್ತಿದ್ದುದು ಒಂದು ದೆವ್ವ.

ಅಪಾರ್ಥ ಬೇಡ, ಹೆಂಡತಿಯ ಮಾತಲ್ಲ. ಟೀವಿ ಧಾರಾವಾಹಿಯ ದೆವ್ವ. ಹಾಳು ಬಂಗಲೆಯಲ್ಲಿ ಬಿಳಿ ಸೀರೆಯುಟ್ಟು ಅಲೆಯುವ ಅವಳನ್ನು ನೋಡದಿದ್ದರೆ ನಮ್ಮ ಅತ್ತೆಗೆ ಊಟ ಸೇರದು. ನೋಡಿದರೆ ನಿದ್ದೆ ಬಾರದು. ಕತ್ತಲಾದರೆ ಅಡುಗೆಮನೆಗೂ ಒಬ್ಬರೇ ಹೋಗರು. ಕೊನೆಗೆ ನನ್ನ ಹೆಂಡತಿ ಹಾಸಿಗೆ ಎತ್ತಿಕೊಂಡು ಅಮ್ಮನ ಕೋಣೆಗೇ ಹೋದಳು. ಈ ವಯಸ್ಸಿನಲ್ಲಿ ನಾನು ವಿರಹಿಯಾದೆ.

ಆಗ ಹೊಳೆಯಿತು ದಿವ್ಯೋಪಾಯ. ದೆವ್ವ ಬಿಡಿಸಲು ಮಂತ್ರವೇಕೆ, ತಪ್ಪು ಹುಡುಕುವ ಕಣ್ಣು ಸಾಕು.

"ಅತ್ತೆ, ಬಂಗಲೆ ಗಡಿಯಾರ ಹನ್ನೆರಡು ಬಾರಿಸ್ತು. ಮುಳ್ಳು ಎಲ್ಲಿದೆ ನೋಡಿ."

ಅತ್ತೆ ಸೆರಗಿನ ಮರೆಯಿಂದ ಒಂದು ಕಣ್ಣು ತೆರೆದರು. "ಹತ್ತೂ ಹತ್ತು."

"ಮಾರಾಟಕ್ಕಿಟ್ಟ ಗಡಿಯಾರಾನ ಹಾಗೆ ನಿಲ್ಸಿರ್ತಾರೆ. ಪುಣ್ಯಾತ್ಮರು ಸೆಲ್ ಕೂಡ ಹಾಕಿಲ್ಲ. ಈ ಸೀನು ಮತ್ತೆ ತೆಗೀಬೇಕಿತ್ತು."

ಎರಡನೆಯ ಕಣ್ಣೂ ತೆರೆಯಿತು.

ಕೆಲವೇ ದಿನಗಳಲ್ಲಿ ಶಿಷ್ಯೆ ಗುರುವನ್ನು ಮೀರಿಸಿದರು. "ಕೆಸರಲ್ಲಿ ನಡೆದು ಬಂದೋಳ ಪಾದ ನೋಡಿ ಅಳಿಯಂದ್ರೇ, ತೊಳೆದಿಟ್ಟ ತಟ್ಟೆ ಇದ್ದಂಗಿದೆ. ಮಳೇಲಿ ನೆಂದಳಂತೆ, ಸೆರಗು ಮಾತ್ರ ಗರಿಗರಿ. ಮುಖಕ್ಕೆ ಚೊಂಬಲ್ಲಿ ನೀರು ಎರಚಿದಾರೆ ಅಷ್ಟೆ." ದೆವ್ವ ಚೀರಿದರೆ ಅತ್ತೆಗೆ ನಗು. "ಪಾಪ, ಎಡಗೈ ಬಳೆ ಬಲಗೈಗೆ ಬಂದಿದ್ದು ಈಗ ಗೊತ್ತಾಯ್ತು ಅವಳಿಗೆ."

ಭಯ ಹೋಯಿತು. ಹಾಸಿಗೆ ಹೊತ್ತು ಹೆಂಡತಿ ಮರಳಿದಳು. ನಾನು ಬೀಗಿದೆ.

ಇಲ್ಲೊಂದು ವಿಷಯ ಹೇಳಬೇಕು. ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ. ದಿನಾ ಸಂಜೆ ಚುರುಕಾಗಿ ನಡೆಯಬೇಕೆಂದು ಡಾಕ್ಟರ ಆಜ್ಞೆ. ಮನೆಗೆ ಬಂದೊಡನೆ ಬೂಟು ತೊಟ್ಟು ನಾನು ನಡೆಯುತ್ತಿದ್ದುದು ಮೂಲೆಯ ಬೇಕರಿಯ ಬೆಂಚಿನವರೆಗೆ. ಒಂದು ಕ್ರೀಮ್ ಬನ್ನನ್ನು ಸಾವಧಾನವಾಗಿ ಮುಗಿಸಿ, ಅಲ್ಲಿಯ ನಲ್ಲಿಯಲ್ಲಿ ಹಣೆಗೆ ನೀರು ಚಿಮುಕಿಸಿ, ಏದುಸಿರು ಬಿಡುತ್ತ ಒಳಗೆ ಬಂದರೆ ಹೆಂಡತಿಗೆ ಮರುಕ ಉಕ್ಕುತ್ತಿತ್ತು.

ಮೊನ್ನೆಯೂ ಹಾಗೇ ಬಂದೆ. "ಪಾರ್ಕು ಪೂರ್ತಿ ಸುತ್ತಿದೆ ಕಣೇ," ಎಂದೆ. ಅವಳು ಟವೆಲ್ಲು ತರಲು ಒಳಗೆ ಓಡಿದಳು. ಅತ್ತೆ ಟೀವಿಯ ಸದ್ದು ತಗ್ಗಿಸಿ, ಕನ್ನಡಕ ಏರಿಸಿದರು. ದೆವ್ವವನ್ನು ಅಳೆಯುವ ಅದೇ ನೋಟ.

"ಅಳಿಯಂದ್ರೇ, ಹಣೆ ಒದ್ದೆ. ಕಾಲರು ಗರಿಗರಿ."

"ಅದು... ಗಾಳಿ ಇತ್ತು ಅತ್ತೆ."

"ಪೈಪ್ ಹಾಕೋಕೆ ಪಾರ್ಕಿನ ದಾರೀನೆಲ್ಲ ಅಗೆದು ರಾಡಿ ಮಾಡಿದಾರೆ. ನಿಮ್ಮ ಬೂಟಲ್ಲಿ ಒಂಚೂರು ಕೆಸರಿಲ್ಲ."

ನಾನು ಕಾಲುಗಳನ್ನು ಸೋಫಾದ ಕೆಳಗೆ ಸರಿಸಿದೆ.

"ಮೀಸೇಲಿ ಬೆಳ್ಳಗೆ ಏನೋ ಅಂಟಿದೆ. ಹೊರಡೋ ಸೀನಲ್ಲಿ ಇರ್ಲಿಲ್ಲ."

ಒರೆಸಿಕೊಂಡೆ. ಸಾಕ್ಷಿ ನಾಶವಾಗುವ ಬದಲು ಅಂಗೈಗೆ ಬಂತು. "ಅವಳಿಗೆ ಹೇಳ್ಬೇಡಿ ಅತ್ತೆ."

"ನಾನ್ಯಾಕೆ ಹೇಳಲಿ. ಇಷ್ಟು ನಡೆದ್ರೂ ನಿಮ್ಮ ಸಕ್ಕರೆ ಇಳೀತಿಲ್ವಲ್ಲ ಅಂತ ಅವಳು ಒಲೆ ಮುಂದೆ ನಿಂತು ಕಣ್ಣೊರೆಸ್ಕೋತಾಳೆ. ದೆವ್ವ ನೋಡಿದಾಗಲೂ ನಂಗೆ ಅಷ್ಟು ಭಯ ಆಗಿರ್ಲಿಲ್ಲ."

ಒಳಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಒಗೆದ ಟವೆಲ್ಲನ್ನೇ ಹುಡುಕುತ್ತಿದ್ದಳು.

"ಸೀನು ಸರಿಬರ್ಲಿಲ್ಲ ಅಂದ್ರೆ ಏನ್ಮಾಡ್ಬೇಕು? ನೀವೇ ಹೇಳ್ಕೊಟ್ಟಿದ್ದು."

"ಮತ್ತೆ... ತೆಗೀಬೇಕು."

"ಹಾಗಾದ್ರೆ ಏಳಿ." ಅತ್ತೆ ಟೀವಿ ಆರಿಸಿ ಚಪ್ಪಲಿ ಮೆಟ್ಟಿದರು.

"ನಿಮ್ಮ ಧಾರಾವಾಹಿ ಶುರುವಾಗತ್ತೆ."

"ಆಗ್ಲಿ ಬಿಡಿ. ಅದಕ್ಕಿಂತ ಇದ್ರಲ್ಲೇ ತಪ್ಪು ಜಾಸ್ತಿ."

ಹೊರಗೆ ಕತ್ತಲಿಳಿದಿತ್ತು. ನನ್ನ ಬತ್ತಳಿಕೆಯಲ್ಲಿ ಉಳಿದಿದ್ದುದು ಒಂದೇ ಬಾಣ. "ಅತ್ತೆ, ಆ ಪಾರ್ಕಿನ ಹಳೇ ಬಾವಿ ಹತ್ರ ಬಿಳಿ ಸೀರೆಯೋಳು ಒಬ್ಬಳು ಓಡಾಡ್ತಾಳೆ. ನಾನೇ ಕಣ್ಣಾರೆ ನೋಡಿದೀನಿ."

"ಬಳೆ ಯಾವ ಕೈಲಿತ್ತು?" ಎಂದು ಕೇಳಿ ಅತ್ತೆ ಮೆಟ್ಟಿಲಿಳಿದರು.

ಎಡಗೈ ಎನ್ನಲೋ ಬಲಗೈ ಎನ್ನಲೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗೇಟು ದಾಟಿದ್ದರು.