ಅಂಬಣ್ಣನ ಡ್ರೈಯರಿಗೆ ಆರು ಉಂಡೆ

ನಲವತ್ತು ಟವೆಲ್ಲುಗಳು ಡ್ರೈಯರಿನಿಂದ ಹಪ್ಪಳವಾಗಿ ಹೊರಬಂದಾಗಲೇ ಅಂಬಣ್ಣನ ಗ್ರಹಚಾರ ಕೆಟ್ಟಿತು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅವನು ಲಾಂಡ್ರಿ ತೆರೆದು ಮೂರೇ ತಿಂಗಳು. ಗಟ್ಟಿ ಗಿರಾಕಿ ಅಂತ ಇದ್ದದ್ದು ಎದುರಿನ ಲಾಡ್ಜು ಒಂದೇ. ಅದರ ಮ್ಯಾನೇಜರ್ ಅಲ್ಲಾಉದ್ದೀನ್ ಸಾಹೇಬರು ಬಂದು ಒಂದು ಟವೆಲ್ಲನ್ನು ಮೇಜಿಗೆ ಬಡಿದರು. ಟಕ್ ಎಂದಿತು.

"ಇದ್ರಲೆ ಮಕ ಒರಸಿಕೊಂಡ್ರ ಮೂಗೇ ಕಿತ್ತು ಬರ್ತದ! ಸಂಜಿ ನಾಕಕ್ಕ ಬರ್ತೀನಿ. ಮೆತ್ತಗಾಗಿದ್ರ ದಿನಾ ನಿನಗೇ ಕೊಡ್ತೀನಿ. ಇಲ್ಲಾಂದ್ರ ಬ್ಯಾರೆ ಲಾಂಡ್ರಿ ಅದ."

ಹಾಗಾದರೆ ಅಂಬಣ್ಣ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ.

ಪಕ್ಕದಂಗಡಿಯ ಟೈಲರ್ ಜಾಹೆದಾ ಮೊಬೈಲು ತೀಡಿ ಹೇಳಿದಳು: "ಡ್ರೈಯರ್‌ನ್ಯಾಗ ಬಟ್ಟಿ ಜೋಡಿ ಉಂಡಿ ಹಾಕಬೇಕಂತ, ಅಂಬಣ್ಣ ಭಾಯಿ. ಉಂಡಿ ಬಡದು ಬಡದು ಬಟ್ಟಿ ಮೆತ್ತಗಾಗ್ತಾವಂತ."

"ಎಂಥಾ ಉಂಡಿ?"

"ಪ್ಲಾಸ್ಟಿಕ್ಕಿಂದೂ ಅದ, ಉಣ್ಣಿದೂ ಅದ. ಒಬ್ರು ಮೂರು ಸಾಕಂತಾರ, ಒಬ್ರು ಆರು ಬೇಕಂತಾರ. ಒಬ್ರು ಎರಡೂ ಬ್ಯಾಡಂತಾರ."

"ಹಂಗಾದ್ರ ನಾ ಏನು ಮಾಡ್ಲಿ?"

"ಅದನ್ನ ಯಾರೂ ಬರದಿಲ್ಲ ನೋಡ್ರಿ."

ಅಂಬಣ್ಣ ಬಜಾರಕ್ಕೆ ಓಡಿ ಮುಳ್ಳುಮುಳ್ಳಿನ ಪ್ಲಾಸ್ಟಿಕ್ ಚೆಂಡು ತಂದು, ಹಳೆಯ ಲುಂಗಿಯ ಜೊತೆ ಹಾಕಿ ನೋಡಿದ. ಹತ್ತೇ ನಿಮಿಷಕ್ಕೆ ಚೆಂಡುಗಳು ಕರಗಿ ಲುಂಗಿಗೆ ಅಂಟಿಕೊಂಡವು.

ಆ ಹೊತ್ತಿಗೆ ಅರಕೇರಾದಿಂದ ಅವನ ತಾಯಿ ಯಮನಮ್ಮ ಬಂದಿಳಿದಳು. ಕಂಬಳಿ ನೇಯುವವರಿಗೆ ಕೊಡಲು ತಂದ ಉಣ್ಣೆಯ ಚೀಲ ಅವಳ ತಲೆಯ ಮೇಲಿತ್ತು. ಜಾಹೆದಾ ಅವಳಿಗೆ ಉಂಡೆಯ ಕಥೆಯೆಲ್ಲ ಹೇಳಿದಳು.

"ಕುರುಬರ ಮಗ ಆಗಿ ಪ್ಲಾಸ್ಟಿಕ್ ಉಂಡಿಗೆ ಬಜಾರ ತಿರಗ್ತಿಯಲ್ಲೋ! ನಾಚಿಕಿ ಆಗಂಗಿಲ್ಲೇನು ನಿನಗ?" ಎಂದವಳೇ ಚೀಲ ಬಿಚ್ಚಿ, ಎಳ್ಳುಂಡೆ ಕಟ್ಟಿದಂತೆ ಆರು ಉಂಡೆ ಕಟ್ಟಿಟ್ಟಳು.

"ಹಂಗಲ್ಲ ಅಮ್ಮಾ, ಬಿಸಿನೀರಾಗ ಕುದಿಸಿ ಗಟ್ಟಿ ಮಾಡಬೇಕಂತ ಅದ ಇದ್ರಾಗ," ಎಂದಳು ಜಾಹೆದಾ.

"ಉಣ್ಣಿ ಬಗ್ಗೆ ನನಗ ಮೊಬೈಲ್ ಹೇಳ್ತದೇನವಾ?"

"ಯವ್ವಾ, ಇದು ಕರೀ ಉಣ್ಣಿ," ಅಂಬಣ್ಣ ಗೊಣಗಿದ.

"ಕರೀದೇ ಶ್ರೇಷ್ಠಲೇ! ದೇವರಿಗೂ ಕರೀ ಕಂಬಳೀನೇ ಹಾಸ್ತೀವಿ. ಸುಮ್ನ ಹಾಕು."

ತಾಯಿಯ ಮಾತು ಕೇಳಬೇಕೋ ಮೊಬೈಲಿನ ಮಾತೋ ತಿಳಿಯದೆ ಅಂಬಣ್ಣ ಗಡಿಯಾರ ನೋಡಿದ. ಮೂರೂ ಕಾಲು. ಟವೆಲ್ಲುಗಳನ್ನು ಮತ್ತೆ ನೀರಲ್ಲಿ ಅದ್ದಿ ಹಿಂಡಿ, ಕಣ್ಣು ಮುಚ್ಚಿ ಉಂಡೆಗಳ ಜೊತೆ ಒಳಗೆ ತುರುಕಿದ.

ನಾಲ್ಕಕ್ಕೆ ಬಾಗಿಲು ತೆರೆದರೆ ಒಳಗೆ ಒಂದೂ ಉಂಡೆ ಇಲ್ಲ. ಎಲ್ಲ ಬಿಚ್ಚಿ ಕೂದಲು ಕೂದಲಾಗಿ ನಲವತ್ತೂ ಟವೆಲ್ಲುಗಳಿಗೆ ಹತ್ತಿಕೊಂಡಿತ್ತು. ಬಿಳಿ ಬಣ್ಣ ಹೋಗಿ ಬೂದು ಮಸಿ ಬಣ್ಣ ಬಂದಿತ್ತು. ಬಿಸಿ ಬಿಸಿ ಕುರಿಹಟ್ಟಿಯ ವಾಸನೆ ಬೇರೆ. ಅಂಬಣ್ಣ ಒಂದೊಂದೇ ಕೂದಲು ಕೀಳತೊಡಗಿದ. ಅಷ್ಟರಲ್ಲೇ ಸಾಹೇಬರು ಬಂದೇಬಿಟ್ಟರು.

ಅವರು ಒಂದು ಟವೆಲ್ಲು ಎತ್ತಿದರು, ಹಿಚುಕಿದರು, ಕೆನ್ನೆಗೆ ಒತ್ತಿಕೊಂಡರು. "ಅರೆ ವಾಹ್! ಕುರಿಮರಿ ಮುಟ್ಟಿದಂಗ ಅದ! ಬಿಳೀವು ಇದ್ದಾಗ ಗಿರಾಕಿಗಳು ಬ್ಯಾಗಿನ್ಯಾಗ ತುರಕಿಕೊಂಡು ಹೋಗ್ತಿದ್ರು. ಇನ್ನ ಯಾವ ಕಳ್ಳನೂ ಮುಟ್ಟಂಗಿಲ್ಲ. ಶಾಬಾಸ್!"

ಅಂಬಣ್ಣನಿಗೆ ಹೋದ ಜೀವ ಬಂತು. "ನಾಳಿ ಎಷ್ಟೊತ್ತಿಗೆ ಟವೆಲ್ ಒಯ್ಯಾಕ ಬರ್ಲಿ ಸಾಹೇಬ್ರ?"

"ನಾಳಿ ಯಾಕ? ಈ ಬಣ್ಣದಾಗ ಹೊಲಸು ಕಾಣಂಗೇ ಇಲ್ಲ. ತಿಂಗಳಿಗೊಮ್ಮಿ ತೊಳದ್ರ ಸಾಕು."

ಸಾಹೇಬರು ಗಂಟು ಹೊರಿಸಿಕೊಂಡು ರಸ್ತೆ ದಾಟಿದರು. ಯಮನಮ್ಮ ಖಾಲಿ ಚೀಲ ಕೊಡವಿ, ಮಗನ ಬೆನ್ನು ಸವರಿದಳು.

"ನೋಡಿದೇನು ನನ್ನ ಉಂಡಿ? ದಿನಾ ತೊಳಿಯೋ ಕಾಟ ತಪ್ತು ನಿನಗ!"