ತಾತನ ಯುದ್ಧದ ಹಾಳೆ ಮತ್ತು ನನ್ನ ಲ್ಯಾಮಿನೇಷನ್

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ನಾಲ್ಕು ವರ್ಷ ಹೇಳಲಿಲ್ಲ. ‘ತಪ್ಪಾಯ್ತು’ ಅನ್ನುವುದಕ್ಕೆ ಏಳನೇ ಕ್ಲಾಸಿನ ಓದು ಸಾಲದೇ? ನನ್ನ ಓದು ಅಷ್ಟೇ. ಆದರೂ ಸಂಜಯನಗರದ ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಎಂ.ಎ. ಮಾಡಿದವರೂ ಸಾಲಾಗಿ ನಿಲ್ಲುತ್ತಾರೆ. ಆ ಜಂಬವೇ ಬಾಯಿಗೆ ಅಡ್ಡ ಬಂದದ್ದು.

ಕಾಗದವನ್ನು ಹಸುಗೂಸಿನಂತೆ ಎತ್ತಿಕೊಳ್ಳುವವರನ್ನು ನೀವು ನೋಡಿದ್ದೀರಾ? ನಮ್ಮಕ್ಕ ಹಾಗೆ. ಯಲಹಂಕದ ಕಡೆ ಒಂದು ಕಾಲೇಜು ಲೈಬ್ರರಿಯಲ್ಲಿ ಅವಳ ಕೆಲಸ. ಮಹಾಯುದ್ಧಗಳ ಕಾಲದ ಪೋಸ್ಟರು, ಕರಪತ್ರಗಳನ್ನು ಬೀಗ ಹಾಕಿಡುವ ಕೋಣೆಯೊಂದಿದೆ. ಅಲ್ಲಿ ಧೂಳು ಒರೆಸಿ, ಹರಿದದ್ದನ್ನು ಕೂಡಿಸಿ ಕಾಯುತ್ತಾಳೆ. ಮನೆಯಲ್ಲೂ ಅದೇ ಚಾಳಿ. ಎಲ್ಲರೂ ಪೇಪರ್ ಓದಿ ಕೈ ತೊಳೆದರೆ ಇವಳು ತೊಳೆದುಕೊಂಡು ಓದುತ್ತಾಳೆ.

ಒಮ್ಮೆ ಸೋದರತ್ತೆ ಮಗಳ ಮದುವೆಗೆ ಕರೆಯಲು ಬಂದರು. ಅಕ್ಕ ಹತ್ತಿ ತಂದು ಲಗ್ನಪತ್ರಿಕೆಯ ಮೂಲೆಗಳ ಅರಿಶಿನ ಒರೆಸಲು ಕೂತಳು.

“ಏನೇ ಇದು, ಶುಭಕಾರ್ಯದ ಅರಿಶಿನ ಕಣೇ.”

“ಕಾಗದಕ್ಕೆ ಒಳ್ಳೇದಲ್ಲ ಅತ್ತೆ.”

ಎರಡನೇ ಮಗಳ ಮದುವೆಗೆ ಅತ್ತೆ ವಾಟ್ಸಾಪಿನಲ್ಲೇ ಕರೆದರು.

ಇಂಥವಳಿಗೆ ನಮ್ಮ ತಾತನ ಟ್ರಂಕಿನಲ್ಲಿ ಒಂದು ಹಾಳೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಎಂದು ಹಳ್ಳಿಹಳ್ಳಿಗೆ ಹಂಚಿದ್ದು. ದಪ್ಪ ಮೀಸೆಯ ಸಿಪಾಯಿ, ಹೊಟ್ಟೆ ತುಂಬಿದವನ ನಗು. ಅದನ್ನು ನೋಡಿಯೇ ತಾತ ಹುಣಸಮಾರನಹಳ್ಳಿಯಿಂದ ಓಡಿಹೋಗಿ ಸೈನ್ಯ ಸೇರಿದ್ದು. ಲೈಬ್ರರಿಯವರು ಅದನ್ನು ತಾತನ ಹೆಸರಿನಲ್ಲೇ ಇಡುತ್ತೇವೆ ಎಂದು ಒಪ್ಪಿದ್ದರು. ಕೊಡುವ ಮುಂಚೆ ಅಕ್ಕ ನನಗೆ ತೋರಿಸಲು ಅಂಗಡಿಗೆ ತಂದಳು.

“ಮುಟ್ಬೇಡ ಕಣೋ. ತರಕಾರಿ ತಗೊಂಡು ಬಂದ್ಬಿಡ್ತೀನಿ.”

ಹತ್ತೇ ನಿಮಿಷ. ಮೂಲೆಗಳು ಪುಡಿಯಾಗುತ್ತಿದ್ದವು. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ಎಲ್ಲಕ್ಕೂ ಮಾಡುವ ಉಪಕಾರವನ್ನು ಅದಕ್ಕೂ ಮಾಡಿದೆ: ಬಿಸಿ ಮೆಷಿನ್ನಿಗೆ ಕೊಟ್ಟು ಲ್ಯಾಮಿನೇಷನ್! ಸಿಪಾಯಿ ಫಳಫಳ ಹೊಳೆಯುತ್ತಾ ಹೊರಬಂದ.

ಅಕ್ಕ ನೋಡಿದಳು. ಬೀನ್ಸಿನ ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. “ಇದನ್ನ ಇನ್ನು ಬಿಡಿಸಕ್ಕಾಗಲ್ಲ ಕಣೋ,” ಅಂದಳು, ಅಷ್ಟೇ.

“ಯಾಕ್ ಬಿಡಿಸ್ಬೇಕು? ನೀರು ಬಿದ್ರೂ ಏನೂ ಆಗಲ್ಲ. ಓದಿರೋರಿಗೆ ಇಷ್ಟೂ ಗೊತ್ತಾಗಲ್ವಾ?” ಎಂದು ಕೂಗಾಡಿದವನು ನಾನು! ಬಿಸಿ ಪ್ಲಾಸ್ಟಿಕ್ ಅಂಟಿದ ಹಳೆಯ ಕಾಗದ ಒಳಗೇ ಹಾಳಾಗುತ್ತದಂತೆ, ಲೈಬ್ರರಿಯವರು ಅದನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಾನು ಆ ವಿಷಯವನ್ನೇ ಎತ್ತಲಿಲ್ಲ.

ಹೋದ ತಿಂಗಳು ಅಕ್ಕ ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡಲು ಮೊದಲ ಸಲ ಆ ಲೈಬ್ರರಿಗೆ ಹೋದೆ. ಬಾಗಿಲಿನಿಂದ ನೋಡಿದರೆ, ಅವಳು ಕೆಲಸ ಕಲಿಯಲು ಬಂದ ನಾಲ್ಕೈದು ಹುಡುಗಿಯರಿಗೆ ಪಾಠ ಮಾಡುತ್ತಿದ್ದಳು. ಮೇಜಿನ ಮೇಲೆ ನಮ್ಮ ಸಿಪಾಯಿ. ಹಳೆಯ ಕಾಗದಕ್ಕೆ ಏನು ಮಾಡಬಾರದು ಎನ್ನುವುದಕ್ಕೆ ಅವನೇ ಉದಾಹರಣೆ.

“ಯಾರ್ ಮೇಡಂ ಹಿಂಗ್ ಮಾಡಿದ್ದು? ತಲೆ ಇರ್ಲಿಲ್ವಾ?” ಎಂದು ಒಬ್ಬಳು ಕೇಳಿದಳು.

“ನಾನೇ ಕಣಮ್ಮ. ಆಗ ಬುದ್ಧಿ ಇರ್ಲಿಲ್ಲ,” ಅಂದಳು ಅಕ್ಕ.

ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕರು. ಜೀವಮಾನವೆಲ್ಲ ಕಾಗದ ಕಾದವಳು, ನನ್ನ ದಡ್ಡತನವನ್ನು ತನ್ನದೆಂದು ಹೇಳಿಕೊಂಡು ಅವರೆದುರು ನಿಂತಿದ್ದಳು. ಎಷ್ಟು ತಂಡಗಳಿಗೆ ಹೀಗೆ ಹೇಳಿದ್ದಳೋ.

ಡಬ್ಬಿ ಹಿಡಿದುಕೊಂಡೇ ಒಳಗೆ ಹೋದೆ.

“ಅವರಲ್ಲಮ್ಮ, ನಾನು ಮಾಡಿದ್ದು. ಮುಟ್ಬೇಡ ಅಂದ್ರೂ ಮಾಡ್ದೆ.” ಅಕ್ಕನ ಕಡೆ ತಿರುಗಿದೆ. “ತಪ್ಪಾಯ್ತು ಕಣಕ್ಕ.”