ಒಂಬತ್ತನೇ ಇನ್ನಿಂಗ್ಸಿನ ಒಗ್ಗರಣೆ

ಆ ಶನಿವಾರದ ಅನಾಹುತಕ್ಕೆಲ್ಲ ಮೂಲ ಒಂದೇ ಒಂದು ಬ್ಯಾಡಗಿ ಮೆಣಸಿನಕಾಯಿ. ಅದೂ ಕಾಮಾಕ್ಷಿಗೆ ಬೇಕಾಗಿದ್ದಲ್ಲ, ಅವಳ ಗಂಡ ಚಂದ್ರಮೋಹನನ ನಾಲಿಗೆಗೆ ಬೇಕಾಗಿದ್ದದ್ದು.

ಜಪಾನಿನ ಸೆಂಡಾಯ್ ಪಟ್ಟಣದ ಐದಂತಸ್ತಿನ ಕಟ್ಟಡವೊಂದರಲ್ಲಿ ಅವರದು ಮೂರನೆಯ ಮಹಡಿ. ಬಾಡಿಗೆ ಕರಾರು ಆ ಏಪ್ರಿಲ್ಲಿಗೆ ಮುಗಿಯುತ್ತಿತ್ತು. ಮುಂದುವರಿಸಲು ಒಂದು ತೊಡಕು. ಆ ಮನೆಯಿಂದ ವಿಚಿತ್ರ ವಾಸನೆ ಬರುತ್ತದೆಂದು ಯಾರೋ ಹೆಸರು ಹೇಳದ ಪುಣ್ಯಾತ್ಮರು ದೂರು ಕೊಟ್ಟಿದ್ದರು. ಸಂಜೆ ನಾಲ್ಕಕ್ಕೆ ಮನೆಮಾಲೀಕರ ಕಡೆಯ ಹಾತಾಕೆಯಾಮಾ-ಸಾನ್ ಬಂದು, ಮನೆ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ ತೀರ್ಮಾನ ಹೇಳುವುದೆಂದು ಗೊತ್ತಾಗಿತ್ತು. ಭೂಕಂಪ, ಸುನಾಮಿ ಆಗಿ ನಾಲ್ಕು ವರ್ಷವಾಗಿದ್ದರೂ ಊರಿನಲ್ಲಿ ಬಾಡಿಗೆ ಮನೆಗೆ ಬರ. ಕಡಲತೀರದಲ್ಲಿ ಮನೆ ಕಳೆದುಕೊಂಡವರೇ ಇಲ್ಲಿಗೆ ಬಂದು ಸಾಲುಗಟ್ಟಿರುವಾಗ ಪರದೇಶದವರಿಗೆ ಯಾರು ಕೊಡುತ್ತಾರೆ? ಈ ಮನೆ ಸಿಗುವ ಮೊದಲು ಕಾಮಾಕ್ಷಿ ಎಷ್ಟು ಬಾಗಿಲುಗಳಲ್ಲಿ ಬಗ್ಗಿ ನಮಸ್ಕರಿಸಿದ್ದಳೆಂದರೆ ಅವಳ ಸೊಂಟನೋವು ಶುರುವಾದದ್ದೇ ಆವಾಗ.

ಅದಕ್ಕೇ ಈ ಸಲ ಅವಳು ಎಲ್ಲಕ್ಕೂ ಮುಂಚೆಯೇ ಕಟ್ಟುಪಾಡು ಮಾಡಿದ್ದಳು. ಎರಡು ದಿನದಿಂದ ಒಲೆಯ ಮೇಲೆ ಅನ್ನ, ಹಾಲು ಬಿಟ್ಟರೆ ಏನೂ ಇಟ್ಟಿರಲಿಲ್ಲ. ಪರದೆಗಳನ್ನು ಒಗೆದು ಹಾಕಿದ್ದಳು. ಬೆಳಿಗ್ಗೆ ಪಕ್ಕದ ಮನೆಯ ಕಾನ್ನೋ-ಸಾನರಿಗೂ, ಮೇಲಿನ ಮನೆಯ ಕಿಕುಚಿ-ಸಾನರಿಗೂ ಊರಿನಿಂದ ಬಂದಿದ್ದ ಮೈಸೂರು ಪಾಕ್ ಒಂದೊಂದು ಡಬ್ಬಿ ಕೊಟ್ಟು, ವಿಷಯ ಹೇಳಿ ಕೈಮುಗಿದು ಬಂದಿದ್ದಳು. ಕಾನ್ನೋ-ಸಾನ್ ನಿವೃತ್ತ ರೈಲು ಚಾಲಕರು, ಕಿಕುಚಿ-ಸಾನ್ ಚಹಾ ಸತ್ಕಾರದ ವಿಧಿ ಕಲಿಸುವ ವಯಸ್ಸಾದ ಹೆಂಗಸು. ಇಬ್ಬರೂ ಒಂದೇ ಮಾತು ಹೇಳಿದ್ದರು: “ವಾಸನೇನಾ? ಯಾವ ವಾಸನೆ? ನಮಗೆ ಏನೂ ಬರೋದೇ ಇಲ್ಲವಲ್ಲ.” ಈ ದೇಶದವರು ಮುಖ ನೋಡಿ ಮಾತಾಡುತ್ತಾರೆಂದು ಸದಾ ಗೊಣಗುತ್ತಿದ್ದ ಕಾಮಾಕ್ಷಿಗೆ ಆ ಗುಣ ಮೊದಲ ಸಲ ಇಷ್ಟವಾಯಿತು.

ಮಧ್ಯಾಹ್ನ ತಡವಾಗಿ ಊಟಕ್ಕೆ ಕೂತ ಚಂದ್ರಮೋಹನ ತಟ್ಟೆ ನೋಡಿ ಕೈ ಹಿಂದಕ್ಕೆಳೆದ.

“ಏನೇ ಇದು, ಮೊಸರನ್ನಕ್ಕೆ ಒಗ್ಗರಣೇನೇ ಇಲ್ವಲ್ಲ. ನಂಗೇನು ಜ್ವರ ಬಂದಿದ್ಯಾ?”

“ಇವತ್ತೊಂದಿನ ಹಾಗೇ ತಿನ್ನಿ. ನಾಲ್ಕು ಗಂಟೆ ಆಗ್ಲಿ, ಆಮೇಲೆ ಬೇಕಾದ್ರೆ ಒಗ್ಗರಣೇನೇ ಕುಡೀರಿ.”

“ಒಂದೇ ಒಂದು ಮೆಣಸಿನಕಾಯಿ, ನಾಲ್ಕು ಸಾಸಿವೆ. ಫ್ಯಾನ್ ಆನ್ ಮಾಡಿ, ವಿಂಡೋ ಕ್ಲೋಸ್ ಮಾಡು. ಯಾರಿಗ್ ಗೊತ್ತಾಗತ್ತೆ? ಟೂ ಮಿನಿಟ್ಸ್ ಕೆಲಸ.”

ಮೂರು ಸಲ ಕೇಳಿದ ಮೇಲೆ ಅವಳು ಸೋತಳು. ಎಣ್ಣೆ ಕಾದು ಮೆಣಸಿನಕಾಯಿ ಬಿದ್ದ ಆ ಗಳಿಗೆಗೇ ಮೈಸೂರಿನಿಂದ ತಾಯಿಯ ಫೋನು ಬಂತು. “ಮನೆ ವಿಷ್ಯ ಏನಾಯ್ತೇ?” ಎಂದು ತಾಯಿ ಕೇಳಿದ್ದಕ್ಕೆ “ಇನ್ನೂ ಅವ್ರು ಬಂದಿಲ್ಲಮ್ಮ” ಎಂದು ಇಷ್ಟುದ್ದ ವಿವರಿಸಿ ತಿರುಗುವಷ್ಟರಲ್ಲಿ ಬಾಣಲೆಯಲ್ಲಿ ಮೆಣಸಿನಕಾಯಿ ಕರ್ರಗಾಗಿತ್ತು. ಘಾಟನ್ನೆಲ್ಲ ಫ್ಯಾನು ಎಳೆದುಕೊಂಡು ಹೋಗಿ ನೆಟ್ಟಗೆ ಕಾನ್ನೋ-ಸಾನರ ಬಾಲ್ಕನಿಗೆ ಸುರಿಯಿತು. ಗೋಡೆಯಾಚೆ ಒಂದು ದೊಡ್ಡ ಸೀನು ಕೇಳಿಸಿತು. ಅದರ ಹಿಂದೆಯೇ ಒಂದು ಕೂಗು. ಸ್ವಲ್ಪ ಹೊತ್ತಿಗೆ ಕರೆಗಂಟೆ.

ಕಾಮಾಕ್ಷಿ ಬಾಗಿಲು ತೆರೆಯುವಾಗಲೇ ಅರ್ಧ ಬಗ್ಗಿದ್ದಳು. “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳಿದಳು. ಎದುರಿಗೆ ಕಾನ್ನೋ-ಸಾನ್ ಅವಳಿಗಿಂತ ಕೆಳಗೆ ಬಗ್ಗಿದ್ದರು. ಕಣ್ಣು, ಮೂಗು ಎರಡರಿಂದಲೂ ನೀರು ಹರಿಯುತ್ತಿತ್ತು.

“ಕಾಮಾಕುಶಿ-ಸಾನ್, ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ. ಆ ಘಾಟು ಇನ್ನೊಂದು ಸಲ ಬರೋ ಹಾಗೆ ಮಾಡೋದಕ್ಕೆ ಆಗತ್ತಾ?”

ತನ್ನ ಜಪಾನಿ ಭಾಷೆ ಕೈಕೊಟ್ಟಿತೆಂದು ಅವಳು ಗಂಡನ ಕಡೆ ನೋಡಿದಳು. ಅವನು ಆಗಲೇ ಟೀವಿ ಹಾಕಿದ್ದ. ಊರಿನ ಬೇಸ್‌ಬಾಲ್ ತಂಡದ ಪಂದ್ಯ ನಡೆಯುತ್ತಿತ್ತು. ಕಾಮಾಕ್ಷಿಯ ಪಾಲಿಗೆ ಬೇಸ್‌ಬಾಲ್ ಎಂದರೆ ಕ್ರಿಕೆಟ್ಟನ್ನು ಯಾರೋ ಅರ್ಧ ಮರೆತು ಆಡಿದ ಹಾಗೆ.

“ಐದನೇ ಇನ್ನಿಂಗ್ಸ್ ಕಣೇ,” ಎಂದ ಚಂದ್ರಮೋಹನ. “ಓನೋದೆರಾ ಅಂತ ಬೌಲರ್ರು, ಲೋಕಲ್ ಹುಡುಗ. ಇದುವರೆಗೂ ಒಬ್ಬರನ್ನೂ ಬೇಸ್ ಮುಟ್ಟೋಕೆ ಬಿಟ್ಟಿಲ್ಲ. ಈಗೊಬ್ಬ ಹೊಡೆದಿದ್ದು ಬೇಲಿ ದಾಟ್ಬೇಕಾಗಿತ್ತು. ಇವರು ಸೀನಿದ್ರಂತೆ, ಫೀಲ್ಡರ್ ಗೋಡೆ ಹತ್ತಿ ಹಿಡಿದುಬಿಟ್ನಂತೆ. ಎಲ್ಲ ನಿನ್ನ ಮೆಣಸಿನಕಾಯಿ ಎಫೆಕ್ಟು. ಇಪ್ಪತ್ತೇಳು ಜನ ಬರ್ತಾರೆ, ಇಪ್ಪತ್ತೇಳೂ ಹಾಗೇ ವಾಪಸ್ ಹೋಗ್ಬೇಕು. ಎಷ್ಟೋ ಬೌಲರ್‌ಗಳಿಗೆ ಜೀವಮಾನದಲ್ಲಿ ಒಂದ್ಸಲಾನೂ ಆಗಲ್ಲ. ಅದಾದ್ರೆ ಅದನ್ನ ಪರ್…”

ಕಾನ್ನೋ-ಸಾನ್ ಹೆದರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಅದೂ ತಮ್ಮದೇ ಬಾಯಿ. ಪಂದ್ಯ ಮುಗಿಯುವವರೆಗೆ ಆ ಪದವನ್ನು ಯಾರೂ ಆಡಬಾರದಂತೆ.

ಅದು ಮಾತ್ರ ಕಾಮಾಕ್ಷಿಗೆ ತಟ್ಟನೆ ಅರ್ಥವಾಯಿತು. ಅವಳ ತಾಯಿ ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು, ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಿದೆ’ ಎನ್ನುತ್ತಿದ್ದರು. ಅವಳಿಗೂ ಬಾಯಲ್ಲಿ ಅದೇ ರೂಢಿ. ಈ ಒಂದು ವಿಷಯದಲ್ಲಿ ಜಪಾನೂ ತೌರುಮನೆಯೂ ಒಂದೇ.

ಆದರೆ ಮನೆಯ ವಿಷಯ ಬೇರೆ. “ನಾಲ್ಕು ಗಂಟೆಗೆ ಹಾತಾಕೆಯಾಮಾ-ಸಾನ್ ಬರ್ತಾರೆ. ವಾಸನೆ ಬರೋದಿಲ್ಲ ಅಂತ ನೀವೇ ಹೇಳ್ಬೇಕಲ್ಲ,” ಎಂದಳು.

“ಹೇಳ್ತೀನಿ. ಖಂಡಿತ ಹೇಳ್ತೀನಿ. ಆದರೆ ಆರನೇ ಇನ್ನಿಂಗ್ಸಿಗೆ ಒಂದು…” ಎಂದು ಕಾನ್ನೋ-ಸಾನ್ ಮಾತು ನಿಲ್ಲಿಸಿ ನೆಲ ನೋಡಿದರು.

ಆ ಊರಿನಲ್ಲಿ ನುಂಗಿದ ಮಾತೇ ಜೋರಾಗಿ ಕೇಳಿಸುತ್ತದೆ. ಇವರನ್ನು ಎದುರು ಹಾಕಿಕೊಂಡರೆ ಮನೆ ಹೋಯಿತೆಂದು ಲೆಕ್ಕ ಹಾಕಿ ಕಾಮಾಕ್ಷಿ ಮತ್ತೆ ಬಾಣಲೆ ಇಟ್ಟಳು. ಮೆಣಸಿನಕಾಯಿ ಸುಟ್ಟಿತು, ಟೀವಿಯಲ್ಲಿ ಬ್ಯಾಟು ಹಿಡಿದ ಮೂವರೂ ಬಂದ ಹಾಗೇ ಹೋದರು. ಅಷ್ಟರಲ್ಲಿ ಕಿಕುಚಿ-ಸಾನ್ ಮೂಗಿಗೆ ಕರವಸ್ತ್ರ ಹಿಡಿದು ಇಳಿದು ಬಂದರು. ಅವರೂ ಮೇಲೆ ಸೀನಿದ್ದರಂತೆ, ಅದೂ ಸರಿಯಾದ ಹೊತ್ತಿಗೇ. ಇಬ್ಬರೂ ಅಡುಗೆಮನೆಯಲ್ಲೇ ಕುರ್ಚಿ ಹಾಕಿ ಕೂತರು. ತನ್ನ ಅಡುಗೆಮನೆಯಲ್ಲಿ ತನಗೇ ನಿಲ್ಲಲು ಜಾಗವಿಲ್ಲದೆ ಕಾಮಾಕ್ಷಿ ಹಲ್ಲು ಕಚ್ಚಿಕೊಂಡು ಒಗ್ಗರಣೆ ಹಾಕುತ್ತಲೇ ಹೋದಳು. ನಡುವೆ ಚಂದ್ರಮೋಹನ ಮತ್ತೆ “ಪರ್” ಎಂದಾಗ ಒಂದು ತುತ್ತು ಮೊಸರನ್ನ ಅವನ ಬಾಯಿಗೆ ತುರುಕಿದಳು. ಅವನಿಗೆ ಬೇಕಾಗಿದ್ದ ಒಗ್ಗರಣೆ ಆ ತುತ್ತಿನಲ್ಲೂ ಇರಲಿಲ್ಲ.

ಏಳನೇ ಇನ್ನಿಂಗ್ಸ್ ಮುಗಿಯುವಾಗ ಡಬ್ಬಿ ಬರಿದಾಯಿತು. ಕಾಮಾಕ್ಷಿ ಅಭ್ಯಾಸಬಲದಿಂದ, ತಾಯಿಯ ಮಾತನ್ನು ಹಾಗೇ ಜಪಾನಿಗೆ ತಿರುಗಿಸಿ, “ಮೆಣಸಿನಕಾಯಿ ಹೆಚ್ಚಿದೆ” ಎಂದುಬಿಟ್ಟಳು.

ಕಾನ್ನೋ-ಸಾನರ ಮುಖ ಅರಳಿತು. “ಬಹಳ ಸಂತೋಷ. ಹಾಗಾದರೆ ಎರಡೆರಡು ಹಾಕಿ.”

ಬರಿದಾದ ಡಬ್ಬಿ ತೋರಿಸಿದ ಮೇಲೆ ಅವರು ಓಡಿಹೋಗಿ ತಮ್ಮ ಮನೆಯ ಶಿಚಿಮಿ ತಂದರು. ಅದು ಜಪಾನಿಗಳು ನೂಡಲ್ಸಿನ ಮೇಲೆ ಉದುರಿಸಿಕೊಳ್ಳುವ ಖಾರದ ಪುಡಿ. ಎಂಟನೇ ಇನ್ನಿಂಗ್ಸಿಗೆ ಅದನ್ನೇ ಎಣ್ಣೆಗೆ ಹಾಕಿದಳು. ಕಿತ್ತಳೆ ಸಿಪ್ಪೆಯ ಪರಿಮಳ ಬಂತು, ಯಾರಿಗೂ ಒಂದು ಸೀನೂ ಬರಲಿಲ್ಲ. ಟೀವಿಯಲ್ಲಿ ಓನೋದೆರಾ ಸಾಲಾಗಿ ಮೂರು ಚೆಂಡುಗಳನ್ನು ಅಡ್ಡಾದಿಡ್ಡಿ ಎಸೆದ. ಇನ್ನೊಂದು ಹಾಗೇ ಹೋದರೆ ಎದುರಿನವನಿಗೆ ಪುಕ್ಕಟೆ ಬೇಸು, ಅಲ್ಲಿಗೆ ಎಲ್ಲ ಮುಗಿಯಿತು.

“ನಮ್ಮ ಖಾರಕ್ಕೆ ಸತ್ವ ಇಲ್ಲ,” ಎಂದು ಕಿಕುಚಿ-ಸಾನ್ ತಲೆ ತಗ್ಗಿಸಿದರು.

ಚಂದ್ರಮೋಹನ ಗಂಟಲು ಸರಿಮಾಡಿಕೊಂಡ. “ಕಾಮೂ, ಮೇಲ್ಗಡೆ ಶೆಲ್ಫಲ್ಲಿ, ಅಕ್ಕಿ ಡಬ್ಬಿ ಹಿಂದೆ, ನಿಮ್ಮಮ್ಮ ಕಳಿಸಿದ್ದ ಮಜ್ಜಿಗೆ ಮೆಣಸಿನಕಾಯಿ ಇತ್ತಲ್ವಾ?”

ಅವಳು ನೋಡಿದ ನೋಟಕ್ಕೆ ಬೇರೆ ಗಂಡಸಾಗಿದ್ದರೆ ಮನೆ ಬಿಟ್ಟು ಹೋಗುತ್ತಿದ್ದ. ತಾಯಿ ತಾರಸಿಯಲ್ಲಿ ಒಣಗಿಸಿ ಕಳಿಸಿದ್ದ ಆ ಪೊಟ್ಟಣವನ್ನು ಅವಳು ದೀಪಾವಳಿಗೆಂದು ಬಚ್ಚಿಟ್ಟಿದ್ದಳು. ಅದೂ ಅಲ್ಲದೆ ಮಜ್ಜಿಗೆ ಮೆಣಸಿನಕಾಯಿಯನ್ನು ಮುಚ್ಚಿದ ಮನೆಯಲ್ಲಿ ಕರಿಯುವುದೆಂದರೆ ಹುಡುಗಾಟವಲ್ಲ. ಆದರೆ ನಾಲ್ಕು ಕಣ್ಣುಗಳು ಅವಳನ್ನು ದೇವರ ಮೂರ್ತಿ ನೋಡುವ ಹಾಗೆ ನೋಡುತ್ತಿದ್ದವು. ಅವಳು ಸ್ಟೂಲು ಹತ್ತಿದಳು.

ಮೊದಲನೆಯ ಹಿಡಿಗೇ ಓನೋದೆರಾನ ಕೈ ಹಾದಿಗೆ ಬಂತು. ಒಂಬತ್ತನೇ ಇನ್ನಿಂಗ್ಸಿಗೆ ಉಳಿದದ್ದನ್ನೆಲ್ಲ ಸುರಿದಳು. ಘಾಟು ಪೋಲಾಗಬಾರದೆಂದು ಕಾನ್ನೋ-ಸಾನ್ ಮುಂಬಾಗಿಲು ತೆರೆದು ಬೀಸಣಿಗೆಯಿಂದ ಮೆಟ್ಟಿಲ ಕಡೆಗೆ ಬೀಸಿದರು. ಸುದ್ದಿ ಆಗಲೇ ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿತ್ತು. ಎಲ್ಲ ಮಹಡಿಗಳಲ್ಲೂ ಕೆಮ್ಮು. ಐದನೇ ಮಹಡಿಯ ಕಿಟಕಿಯಿಂದ ಯಾರೋ ತಲೆ ಹಾಕಿ, “ಕ್ಷಮಿಸಿ, ಇಲ್ಲಿಗೆ ಇನ್ನೂ ಸರಿಯಾಗಿ ತಲುಪಿಲ್ಲ” ಎಂದು ವಿನಯದಿಂದ ತಿಳಿಸಿದರು.

ಇಪ್ಪತ್ತೇಳನೆಯವನು ಮೂರನೆಯ ಸಲವೂ ಗಾಳಿಗೇ ಬ್ಯಾಟು ಬೀಸಿದ. ಇಡೀ ಕಟ್ಟಡ ಕೂಗಿತು. ಆಡಬಾರದ ಪದವನ್ನು ಈಗ ಎಲ್ಲರೂ ಒಟ್ಟಿಗೇ ಆಡಿದರು: “ಪರ್ಫೆಕ್ಟ್ ಗೇಮ್!” ಕಾನ್ನೋ-ಸಾನ್ ಅಡುಗೆಮನೆಯ ನೆಲದ ಮೇಲೆ ಕೂತು ಅಳತೊಡಗಿದರು. ಕಡಲು ಅವರ ಮನೆಯನ್ನು ಕೊಂಡೊಯ್ದ ವರ್ಷ, ಶಾಲೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು, ಹೆಂಡತಿಯ ಜೊತೆ ಈ ತಂಡದ ಆಟವನ್ನೇ ರೇಡಿಯೋದಲ್ಲಿ ಕೇಳುತ್ತಿದ್ದರಂತೆ. ಈಗ ಹೆಂಡತಿಯೂ ಇರಲಿಲ್ಲ. ಕಾಮಾಕ್ಷಿಯೂ ಕಣ್ಣೊರೆಸಿಕೊಂಡಳು. ಅರ್ಧ ಘಾಟಿಗೆ, ಅರ್ಧ ಅವರಿಗಾಗಿ. ಅವಳು ನೀರು ತಂದುಕೊಟ್ಟಳು.

ಆಮೇಲೆ ಗಡಿಯಾರ ನೋಡಿದಳು. ಎಲ್ಲರನ್ನೂ ಹೊರಗಟ್ಟಿ, ಕಿಟಕಿಗಳನ್ನೆಲ್ಲ ತೆರೆದು, ಗಂಡನ ಕೈಗೆ ಒದ್ದೆ ಟವೆಲು ಕೊಟ್ಟು ತಿರುಗಿಸಲು ಹೇಳಿದಳು. ಅವನು ಇನ್ನೂ ತಿರುಗಿಸುತ್ತಿರುವಾಗಲೇ ಹಾತಾಕೆಯಾಮಾ-ಸಾನ್ ಬಂದರು. ಮುಖಕ್ಕೆ ಬಿಳಿ ಮಾಸ್ಕು, ಕೆಂಪಗಿನ ಕಣ್ಣು.

ಅವರು ಅಡುಗೆಮನೆಗೆ ಹೋದರು. ಕಪಾಟು ತೆರೆದರು. ಮಾಸ್ಕು ಇಳಿಸಿ ಮೂಗೆಳೆದರು. “ಏನೂ ಇಲ್ಲವಲ್ಲ,” ಎಂದರು.

ಕಾಮಾಕ್ಷಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಹೊಗೆಯಲ್ಲಿ ಅವಳಿಗೆ ಗಂಡನೇ ಸರಿಯಾಗಿ ಕಾಣಿಸುತ್ತಿರಲಿಲ್ಲ.

“ನಿಜ ಹೇಳ್ಬೇಕಂದ್ರೆ,” ಎಂದು ಹಾತಾಕೆಯಾಮಾ-ಸಾನ್ ಸಂಕೋಚದಿಂದ ಹೇಳಿದರು, “ನನಗೆ ಸುಗಿ ಮರದ ಪರಾಗ ಆಗೋದಿಲ್ಲ. ವಸಂತ ಮುಗಿಯೋ ತನಕ ಮೂಗು ಸತ್ತ ಹಾಗೇ. ಅಕ್ಕಪಕ್ಕದವರು ಹೇಳಿದ್ದೇ ನನಗೆ ಪ್ರಮಾಣ.”

ಕಾಮಾಕ್ಷಿ ಚಾಮುಂಡಿಯನ್ನು ನೆನೆದಳು. ಮನೆ ಉಳಿಯಿತು. ಮಾತು ಕೊಟ್ಟವರು ಹೊರಗೇ ನಿಂತಿದ್ದರು. ಅವರ ಹಿಂದೆ ಎಲ್ಲ ಮಹಡಿಯವರೂ ಮೆಟ್ಟಿಲ ತುಂಬ ನಿಂತಿದ್ದರು.

“ಇವರ ಮನೆಯ ವಾಸನೆ ನಿಮಗೆ ಬರುತ್ತಾ?” ಎಂದು ಹಾತಾಕೆಯಾಮಾ-ಸಾನ್ ಕೇಳಿದರು.

ಕಾನ್ನೋ-ಸಾನ್ ಕಾಮಾಕ್ಷಿಯ ಮುಖ ನೋಡಿದರು. ಅವರ ಕಣ್ಣಿನಲ್ಲಿ ಎಂಥ ಕೃತಜ್ಞತೆ ತುಂಬಿತ್ತೆಂದರೆ ಅವಳು ಆಗಲೇ ಬೇಡವೆಂದು ತಲೆಯಾಡಿಸತೊಡಗಿದಳು.

“ಬರತ್ತೆ,” ಎಂದರು ಅವರು, ಎದೆಯ ಮೇಲೆ ಕೈಯಿಟ್ಟು. “ಇಂಥ ದಿನ ಇಲ್ಲ ಅಂದರೆ ನನಗೆ ಒಳ್ಳೇದಾಗಲ್ಲ. ಗೋಡೆ ದಾಟಿ ಬರತ್ತೆ.”

“ಮೊದಲು ಬಂದಿದ್ದು ನನ್ನ ಮನೆಗೆ,” ಎಂದರು ಕಿಕುಚಿ-ಸಾನ್.

“ಐದನೇ ಮಹಡಿಗೂ ಬಂತು,” ಎಂದು ಹಿಂದಿನಿಂದ ಒಂದು ದನಿ. “ಕೊನೆಯ ಚೆಂಡಿಗೆ ನಾವೆಲ್ಲ ಕೆಮ್ಮುತ್ತಾ ಇದ್ವಿ.”

ಕಾಮಾಕ್ಷಿ ಕಣ್ಣುಸನ್ನೆ, ಕೈಸನ್ನೆ ಎಲ್ಲ ಮಾಡಿದಳು. ಅದನ್ನು ಅವರು ವಿನಯವೆಂದು ತಿಳಿದು ಇನ್ನಷ್ಟು ಹೊಗಳಿದರು. ಗೆಲುವಿನಲ್ಲಿ ತಮ್ಮ ಸೀನಿನ ಪಾಲೆಷ್ಟೆಂದು ಒಬ್ಬೊಬ್ಬರೂ ಮುಂದೆ ಬಂದು ಹೇಳಿದರು. ಎಲ್ಲ ಕೇಳಿದ ಹಾತಾಕೆಯಾಮಾ-ಸಾನರ ಕಣ್ಣು ಒದ್ದೆಯಾಯಿತು. ಅವರೂ ಕಾರಿನಲ್ಲಿ ಪಂದ್ಯ ಕೇಳುತ್ತ ಬಂದವರೇ. ಸೊಂಟದ ತನಕ ಬಗ್ಗಿ, “ಅರಿಗಾತೋ ಗೊಜಾಯಿಮಾಸು” ಎಂದು ಧನ್ಯವಾದ ಹೇಳಿದರು. ಬಗ್ಗಿದವರು ನೆಟ್ಟಗಾಗಿ, ಅವಳೊಬ್ಬಳಿಗೇ ಕೇಳುವ ಹಾಗೆ, “ಆದರೆ ಐದು ಮಹಡಿ ಅಂದ ಮೇಲೆ, ಕರಾರು ಮುಂದುವರಿಸೋದು ಸ್ವಲ್ಪ ಕಷ್ಟ” ಎಂದರು.

ಆ ದೇಶದಲ್ಲಿ ‘ಸ್ವಲ್ಪ ಕಷ್ಟ’ ಎಂದರೆ ಸುತರಾಂ ಇಲ್ಲವೆಂದು ಅರ್ಥ. ಅದು ಗೊತ್ತಿಲ್ಲದಷ್ಟು ಹೊಸಬಳೇನೂ ಅಲ್ಲ ಕಾಮಾಕ್ಷಿ. ಅವರು ಹೋದ ಮೇಲೆ ಅವಳು ಹೊಸ್ತಿಲ ಮೇಲೇ ಕೂತಳು. ಮತ್ತೆ ಎಷ್ಟು ಬಾಗಿಲು, ಎಷ್ಟು ನಮಸ್ಕಾರ ಎಂದು ನೆನೆದರೇ ಸೊಂಟ ಹಿಡಿದುಕೊಂಡಿತು. ಒಳಗೆ ಚಂದ್ರಮೋಹನ, “ಕಾಮೂ, ಒಂದು ಮಜ್ಜಿಗೆ ಮೆಣಸಿನಕಾಯಿನಾದ್ರೂ ಉಳೀತಾ?” ಎಂದು ಕೇಳುತ್ತಿದ್ದ.

ಮೈಸೂರಿನಿಂದ ಮತ್ತೆ ಫೋನು ಬಂತು.

“ಏನಾಯ್ತೇ ಮನೆ?” ಎಂದರು ತಾಯಿ.

ಶನಿವಾರ ಸಂಜೆ, ಹೊಸ್ತಿಲ ಮೇಲೆ ಕೂತು ಕೆಟ್ಟ ಮಾತು ಆಡುವುದು ಹೇಗೆ? “ಮನೆ ಹೆಚ್ಚಿತಮ್ಮ,” ಎಂದಳು ಕಾಮಾಕ್ಷಿ.

ಇನ್ನೂ ಮೆಟ್ಟಿಲ ಹತ್ತಿರವೇ ನಿಂತಿದ್ದ ಕಾನ್ನೋ-ಸಾನ್ ಅವಳ ಮುಖ ಸಪ್ಪಗಾದದ್ದು ನೋಡಿ ಗಾಬರಿಯಾಗಿ ಚಂದ್ರಮೋಹನನನ್ನು ಕರೆದು ಏನೆಂದಳೆಂದು ಕೇಳಿದರು. ಅವನು ಖಾಲಿ ಪೊಟ್ಟಣ ಕೊಡವುತ್ತಲೇ, ಮನೆ ಹೆಚ್ಚಿತು ಎಂದಳು ಎಂದು ಪದಕ್ಕೆ ಪದ ಜಪಾನಿಗೆ ತಿರುಗಿಸಿ ಹೇಳಿದ. ಕಾನ್ನೋ-ಸಾನ್ ಸಂತೋಷದಿಂದ ಚಪ್ಪಾಳೆ ತಟ್ಟಿ, ಒಂದಕ್ಕೆ ಎರಡು ಮನೆ ಆದದ್ದಕ್ಕೆ ಅಭಿನಂದಿಸಿ, ಮುಂದಿನ ಶನಿವಾರ ಮತ್ತೆ ಓನೋದೆರಾನದೇ ಸರದಿ, ಎರಡೂ ಮನೆಯಲ್ಲಿ ಒಟ್ಟಿಗೇ ಒಗ್ಗರಣೆ ಹಾಕಬಹುದಲ್ಲವೇ ಎಂದು ಕೇಳಿದರು.